ಕಲ್ಲಾದ ಎಲುಬು

ಮಳೆಗಾಲ ಮುಗಿಯುತ್ತದೆ. ಹೊಳೆಯ ನೀರು ಇಳಿಯುತ್ತದೆ. ದಂಡೆಯ ಮಣ್ಣು ಕೊಚ್ಚಿ ಹೋಗಿರುತ್ತದೆ. ಒಳಗಿನ ಎರೆಮಣ್ಣು, ಗರಸು, ಉಸುಕು ಪದರು ಪದರಾಗಿ ಕಾಣುತ್ತವೆ. ಇಂಥ ಕಡೆ ಅಪರೂಪಕ್ಕೆ ಎಲುಬಿನಂಥ ಕಲ್ಲು ಸಿಗುತ್ತದೆ. ಹಲ್ಲಿನಂಥ ಕಲ್ಲು ಸಿಗುತ್ತದೆ. ಕೆಲವರು ಅದನ್ನು ರಾಕ್ಷಸರ ಎಲುಬು ಅನ್ನುತ್ತಾರೆ. ಅದು ರಾಕ್ಷಸರದಲ್ಲ. ಅದು ಹಿಂದಿನ ಕಾಲದ ಪ್ರಾಣಿಯ ಎಲುಬು. ಅದಕ್ಕೆ ಪಳೆಯುಳಿಕೆ ಎಂದು ಹೆಸರು.

ಎಲುಬು ಕಲ್ಲಾಗುವುದು ಹೇಗೆ?

ಪ್ರಾಣಿ ಸಾಯುತ್ತದೆ. ಹೊಳೆಯ ಕೆಸರು ಅದನ್ನು ಬೇಗ ಮುಚ್ಚುತ್ತದೆ. ಮಾಂಸ ಕೊಳೆತು ಹೋಗುತ್ತದೆ. ಎಲುಬು, ಹಲ್ಲು ಉಳಿಯುತ್ತವೆ. ಮಣ್ಣಿನ ನೀರಿನಲ್ಲಿ ಸುಣ್ಣದಂಥ ಖನಿಜ ಕರಗಿರುತ್ತದೆ. ಆ ನೀರು ಎಲುಬಿನ ಸಣ್ಣ ತೂತುಗಳಲ್ಲಿ ಇಳಿಯುತ್ತದೆ. ಖನಿಜ ಅಲ್ಲೇ ಗಟ್ಟಿಯಾಗುತ್ತದೆ. ಸಾವಿರಾರು ವರ್ಷಗಳಲ್ಲಿ ಎಲುಬು ಕಲ್ಲಿನಂತಾಗುತ್ತದೆ.

ಗೋಕಾಕದ ಖಡ್ಗಮೃಗ

ಇದು ದೂರದ ಮಾತಲ್ಲ. ನಮ್ಮ ಗೋಕಾಕದ ಹತ್ತಿರವೇ ಖಡ್ಗಮೃಗದ ಪಳೆಯುಳಿಕೆ ಸಿಕ್ಕಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಅದರ ವರದಿ ಬರೆದರು. ವರದಿ 1874ರಲ್ಲಿ ಅಚ್ಚಾಯಿತು. ಆ ಬರಹದಲ್ಲಿ ಊರಿನ ಹೆಸರು ಚಿಕ್‌ದೌಲಿ ಎಂದಿದೆ. ದಖ್ಖನ್ ಸೀಮೆಯ ಹೆಸರನ್ನೇ ಅವರು ಆ ಪ್ರಾಣಿಗೆ ಇಟ್ಟರು. ಇದೇ ಫೂಟ್ ಅವರು 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಆದಿಮಾನವರ ಕಲ್ಲಿನ ಕೊಡಲಿ ಕಂಡು ಹಿಡಿದಿದ್ದರು.

ಈ ಪಾಠ ಓದುವಾಗ ಒಬ್ಬ ಕಾಕಾ ಕೇಳಿದರು:

"ಅಕ್ಕೋರ, ಖಡ್ಗಮೃಗ ಅಸ್ಸಾಮದಾಗ ಇರೂದಲ್ಲೇನ್ರಿ? ನಮ್ಮ ಕಡೆ ಹೆಂಗ ಬಂತು?"

"ಹೌದ್ರಿ ಕಾಕಾ, ಈಗ ಅಸ್ಸಾಮದ ಕಾಜಿರಂಗಾದಾಗ ಅದಾವ. ಆದ್ರ ಬಾಳ ಸಾವಿರ ವರ್ಷದ ಹಿಂದ ನಮ್ಮ ಹೊಳಿಸಾಲಿನಾಗೂ ಇದ್ದವು. ಅವಕ್ಕ ಹುಲ್ಲು, ನೀರು ಬೇಕು. ಅಂದ ಮ್ಯಾಲೆ ಆಗ ಇಲ್ಲಿ ಹುಲ್ಲುಗಾವಲು, ನೀರು ಇತ್ತು ಅಂತ ತಿಳಿತದ."

"ಒಂದು ಎಲುಬು ನೋಡಿ ಇಷ್ಟೆಲ್ಲ ಹೇಳತಾರೇನ್ರಿ?"

"ಎಲುಬು ಒಂದ ಸಾಲೂದಿಲ್ರಿ. ಅದು ಯಾವ ಪದರಿನಾಗ ಇತ್ತು, ಜೊತಿಗೆ ಏನೇನು ಇತ್ತು, ಎಲ್ಲಾ ನೋಡಬೇಕು. ಜಾಗಾ ತಿಳೀದ ಎಲುಬು ವಿಳಾಸ ಇಲ್ಲದ ಕಾಗದ ಇದ್ದಂಗ."

ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆ. ಕಿತ್ತು ತಂದರೆ ಎಲುಬು ಮನೆಗೆ ಬರುತ್ತದೆ. ಅದರ ಕತೆ ದಂಡೆಯಲ್ಲೇ ಅಳಿದು ಹೋಗುತ್ತದೆ. ಮತ್ತೆ ಯಾರಿಗೂ ಅದು ಸಿಗುವುದಿಲ್ಲ.

ಮೊದಲು ಜೀವ

ಎಲುಬಿಗಿಂತ ಜೀವ ದೊಡ್ಡದು. ಇವನ್ನು ನೆನಪಿಡಿರಿ.

1. ನೀರು ಕೊರೆದ ದಂಡೆಯ ಕೆಳಗೆ ನಿಲ್ಲಬೇಡಿರಿ, ಕೂಡಬೇಡಿರಿ. ಮೇಲಿನ ಮಣ್ಣು ಒಮ್ಮೆಲೇ ಕುಸಿಯುತ್ತದೆ. ದಂಡೆಯಲ್ಲಿ ಗವಿ ತೋಡಬೇಡಿರಿ.
2. ಮೇಲೆ ಮಳೆಯಾದರೆ, ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟರೆ, ಘಟಪ್ರಭೆ ಏರುತ್ತದೆ. 2019ರ ಆಗಸ್ಟ್ ತಿಂಗಳ ಮಹಾಪೂರ ಗೋಕಾಕದವರು ಮರೆತಿಲ್ಲ. ನೀರಿನ ಸುದ್ದಿ ಕೇಳಿಕೊಂಡೇ ಹೊಳೆಗೆ ಇಳಿಯಿರಿ.
3. ಒಬ್ಬರೇ ಹೋಗಬೇಡಿರಿ. ಮಕ್ಕಳನ್ನು ಮಾತ್ರ ಕಳಿಸಬೇಡಿರಿ. ಉಸುಕು ತೆಗೆದ ಗುಂಡಿಗಳಲ್ಲಿ ಆಳ ತಿಳಿಯುವುದಿಲ್ಲ.
4. ಕಲ್ಲಿನ ಸಂದಿಯಲ್ಲಿ ಕೈ ಹಾಕಬೇಡಿರಿ. ಹಾವು, ಚೇಳು ಇರುತ್ತವೆ. ಕೋಲಿನಿಂದ ಸರಿಸಿ ನೋಡಿರಿ.
5. ಸುತ್ತಿಗೆಯಿಂದ ಕಲ್ಲು ಒಡೆಯಬೇಡಿರಿ. ಚೂರು ಸಿಡಿದರೆ ಕಣ್ಣು ಹೋಗುತ್ತದೆ. ಪಳೆಯುಳಿಕೆಯೂ ಪುಡಿಯಾಗುತ್ತದೆ.

ಸಿಕ್ಕರೆ ಏನು ಮಾಡಬೇಕು?

ಎಲುಬು ಮಣ್ಣಿನಲ್ಲಿ ಹೂತಿದ್ದರೆ ಕೀಳಬೇಡಿರಿ. ಹಸಿ ಮಣ್ಣಿನ ಎಲುಬು ಗಟ್ಟಿ ಕಾಣುತ್ತದೆ. ಬಿಸಿಲು ಬಿದ್ದರೆ ಬಿರಿದು ಪುಡಿಯಾಗುತ್ತದೆ. ಜಾಗಕ್ಕೆ ಗುರುತು ಮಾಡಿರಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಾಣ್ಯ ಇದ್ದರೆ ಎಲುಬು ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಎಲುಬು ತಾನೇ ಕಳಚಿ ಬಿದ್ದಿದ್ದರೆ, ನೀರಿಗೆ ಹೋಗುವಂತಿದ್ದರೆ, ಎತ್ತಿಕೊಳ್ಳಬಹುದು. ಹೊಲದವರ ಒಪ್ಪಿಗೆ ಕೇಳಿರಿ. ತಿಕ್ಕಿ ತೊಳೆಯಬೇಡಿರಿ. ಹಳೆಯ ಅರಿವೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿರಿ. ಜೊತೆಗೆ ಚೀಟಿ ಇಡಿರಿ. ಅಕ್ಷರ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಚೀಟಿ ಹೀಗಿರಲಿ:

ಸಿಕ್ಕ ದಿನ: ............
ಊರು, ಹೊಳೆ ಅಥವಾ ಹಳ್ಳ: ............
ಜಾಗದ ಗುರುತು: ............
ಯಾವ ಮಣ್ಣು, ಎಷ್ಟು ಆಳ: ............
ಕಂಡವರು: ............

ಆಮೇಲೆ ಸಾಲಿಯ ಹೆಡ್ ಮಾಸ್ತರರಿಗೆ, ಗ್ರಾಮ ಪಂಚಾಯತಿಗೆ ಅಥವಾ ತಹಸೀಲದಾರರಿಗೆ ತಿಳಿಸಿರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ. ಅಲ್ಲಿಗೂ ಕಾಗದ ಬರೆಯಬಹುದು. ಮನುಷ್ಯರ ಎಲುಬು ಅನ್ನಿಸಿದರೆ ಮುಟ್ಟಬೇಡಿರಿ. ಪೊಲೀಸರಿಗೆ ಹೇಳಿರಿ. ಹಳೆಯ ನಾಣ್ಯ, ಮೂರ್ತಿ ಸಿಕ್ಕರೆ ಅವಕ್ಕೆ ಬೇರೆ ಕಾನೂನು ಇದೆ. ಅವನ್ನು ಇಟ್ಟುಕೊಳ್ಳಬಾರದು, ಮಾರಬಾರದು.

ಮೋಸ ಹೋಗಬೇಡಿರಿ

ಕಲ್ಲಿನ ಮೇಲೆ ಕಪ್ಪು ಎಲೆಯಂಥ ಚಿತ್ರ ಇರುತ್ತದೆ. ಅದು ಹೆಚ್ಚಾಗಿ ಎಲೆಯಲ್ಲ. ಬಿರುಕಿನಲ್ಲಿ ಇಳಿದ ಮ್ಯಾಂಗನೀಸ್ ಖನಿಜದ ಕಲೆ. ಕಲ್ಲಿನ ಮೇಲೆ ತೆರೆಯಂಥ ಸಾಲು ಇರುತ್ತದೆ. ಅದೂ ಪ್ರಾಣಿಯಲ್ಲ. ಹಿಂದೆ ಆ ಕಲ್ಲು ಉಸುಕಾಗಿತ್ತು, ಅದರ ಮೇಲೆ ನೀರು ಆಡಿತ್ತು ಎಂಬ ಗುರುತು. "ಇದಕ್ಕೆ ಲಕ್ಷ ರೂಪಾಯಿ ಕೊಡ್ತೀವಿ" ಎಂದು ಬರುವವರ ಮಾತು ನಂಬಬೇಡಿರಿ.

ಹೊಳೆಯ ದಂಡೆ ಒಂದು ಹಳೆಯ ಪುಸ್ತಕ. ಅದರ ಹಾಳೆ ಹರಿಯದೆ ಓದೋಣ. ನಮ್ಮ ಮೊಮ್ಮಕ್ಕಳೂ ಓದಲಿ.

ಉತ್ತರ ಬರೆಯಿರಿ

1. ಪಳೆಯುಳಿಕೆ ಎಂದರೇನು?
2. ಗೋಕಾಕದ ಹತ್ತಿರ ಯಾವ ಪ್ರಾಣಿಯ ಪಳೆಯುಳಿಕೆ ಸಿಕ್ಕಿತು?
3. ಹೂತ ಎಲುಬನ್ನು ಏಕೆ ಕೀಳಬಾರದು?
4. ನಿಮ್ಮೂರ ಹಳ್ಳದಲ್ಲಿ ದಂಡೆ ಕುಸಿಯುವ ಜಾಗ ಯಾವುದು? ಮಕ್ಕಳಿಗೆ ತೋರಿಸಿ ಹೇಳಿರಿ.