ಪಥ್ಯ ತಪ್ಪಿತೇ? ಇಂದೇ ಮತ್ತೆ ಹಿಡಿಯಿರಿ

(ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಮತ್ತು ಅವರ ಮನೆಯವರಿಗೆ)



ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಪಥ್ಯ, ನಡಿಗೆ, ಮಾತ್ರೆ ಮೂರನ್ನೂ ತಪ್ಪದೆ ಪಾಲಿಸಬೇಕೆಂದು ಎಲ್ಲರೂ ನಿಶ್ಚಯಿಸಿಕೊಂಡೇ ಹೋಗುತ್ತಾರೆ. ಕೆಲವು ವಾರ ಚೆನ್ನಾಗಿ ನಡೆಯುತ್ತದೆ. ಆಮೇಲೆ ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆಯೋ, ನಾಯಕನಹಟ್ಟಿ ತೇರೋ, ನೆಂಟರ ಮದುವೆಯೋ, ಶೇಂಗಾ ಕೀಳುವ ಕೆಲಸವೋ ಬರುತ್ತದೆ. ಹೋಳಿಗೆ ಊಟವಾಗುತ್ತದೆ, ನಡಿಗೆ ನಿಲ್ಲುತ್ತದೆ, ಮಾತ್ರೆ ಮನೆಯಲ್ಲೇ ಉಳಿಯುತ್ತದೆ. ಇದು ಬಹುತೇಕ ಎಲ್ಲರಿಗೂ ಆಗುವಂಥದ್ದು. "ಹೇಗೂ ಕೆಟ್ಟಿತು, ಹಬ್ಬ ಕಳೆಯಲಿ ನೋಡೋಣ" ಎಂದು ಮುಂದೂಡಿದಾಗ ತೊಂದರೆ ಬೆಳೆಯುತ್ತದೆ. ಬೈಯುತ್ತಾರೆಂದು ಹೆದರಿ ತಪಾಸಣೆಗೂ ಬರುವುದಿಲ್ಲ. ಎರಡು ದಿನದ ತಪ್ಪು ಮೂರು ತಿಂಗಳಾಗುತ್ತದೆ.

ಎರಡು ದಿನಕ್ಕೂ ಮೂರು ತಿಂಗಳಿಗೂ ವ್ಯತ್ಯಾಸವೇನು?

ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯನ್ನು ನೀವು ಮಾಡಿಸಿರುತ್ತೀರಿ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ. ಆ ದಿನಗಳಲ್ಲಿ ರಕ್ತದ ಸಕ್ಕರೆ ಅವುಗಳಿಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಆದ್ದರಿಂದ ಈ ಪರೀಕ್ಷೆ ಸುಮಾರು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ಒಂದು ದಿನದ ಹೋಳಿಗೆ ಊಟದಿಂದ ಆ ಸರಾಸರಿ ಹೆಚ್ಚು ಬದಲಾಗದು. ಮೂರು ತಿಂಗಳು ಬಿಟ್ಟರೆ ಖಂಡಿತ ಬದಲಾಗುತ್ತದೆ. ಹಾಗೆಯೇ ವರ್ಷಗಟ್ಟಲೆ ಸಾಗಿದರೆ ಕಣ್ಣು, ಮೂತ್ರಪಿಂಡ, ಪಾದದ ನರಗಳಿಗೆ ಪೆಟ್ಟು ಬೀಳುತ್ತದೆ. ಒಂದು ಮಳೆ ತಪ್ಪಿತೆಂದು ನಮ್ಮ ರೈತರು ಹೊಲವನ್ನು ಬೀಳು ಬಿಡುವುದಿಲ್ಲ, ಮುಂದಿನ ಹದಕ್ಕೆ ಬಿತ್ತುತ್ತಾರೆ. ದೇಹದ ವಿಷಯದಲ್ಲೂ ಹಾಗೆಯೇ ಮಾಡಬೇಕು.

ಮತ್ತೆ ಆರಂಭಿಸುವುದು ಹೇಗೆ?

1. ಮಾತ್ರೆ: ಒಂದು ಹೊತ್ತು ಮರೆತಿದ್ದರೆ, ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಬೇಡಿ. ಹಲವು ದಿನ ಬಿಟ್ಟಿದ್ದರೆ, ಇನ್ಸುಲಿನ್ ತಪ್ಪಿದ್ದರೆ, ಅಥವಾ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಬಿಟ್ಟಿದ್ದರೆ ತಡಮಾಡದೆ ವೈದ್ಯರನ್ನು ಕೇಳಿ. ಹಣದ ಅಡಚಣೆಯಿಂದ ನಿಲ್ಲಿಸಿದ್ದರೆ ಸಂಕೋಚವಿಲ್ಲದೆ ತಿಳಿಸಿ. ಬಿ.ಪಿ., ಸಕ್ಕರೆ ಮಾತ್ರೆಗಳು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ.

2. ಊಟ: ನಿನ್ನೆ ಹೆಚ್ಚು ತಿಂದೆವೆಂದು ಇಂದು ಉಪವಾಸ ಮಾಡಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಒಮ್ಮೆಲೇ ಇಳಿಯಬಹುದು. ಶಿವರಾತ್ರಿ ಉಪವಾಸಕ್ಕೂ ಮೊದಲೇ ವೈದ್ಯರನ್ನು ಕೇಳಿ. ಮುಂದಿನ ಊಟವನ್ನೇ ಸರಿಯಾಗಿ ಮಾಡಿ: ಚಿಕ್ಕ ಮುದ್ದೆ, ಹೆಚ್ಚು ಸೊಪ್ಪು, ಕಾಳು. ರಾಗಿಯಿಂದ ಸಕ್ಕರೆ ಏರುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ಅದರಲ್ಲೂ ಮೂರನೇ ಎರಡು ಪಾಲು ಪಿಷ್ಟವೇ ಇದೆ. ದಾಸೋಹದಲ್ಲಿ, ಮದುವೆ ಮನೆಯಲ್ಲಿ "ಸ್ವಲ್ಪ ಬಡಿಸಿ" ಎಂದು ಮೊದಲೇ ಹೇಳಿ. ಬಿ.ಪಿ. ಇರುವವರು ದಿನಕ್ಕೆ ಒಂದು ಟೀ ಚಮಚಕ್ಕಿಂತ, ಅಂದರೆ 5 ಗ್ರಾಂಗಿಂತ, ಕಡಿಮೆ ಉಪ್ಪು ಬಳಸಬೇಕು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಸೇರಿತು.

3. ನಡಿಗೆ: ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ 30 ನಿಮಿಷದಂತೆ ಐದು ದಿನ, ಗುರಿ ಇರಲಿ. ಬಿಟ್ಟು ವಾರಗಳಾಗಿದ್ದರೆ 10 ನಿಮಿಷದಿಂದ ತೊಡಗಿ, ಮೆಲ್ಲಗೆ ಹೆಚ್ಚಿಸಿ. ಮೊದಲ ದಿನವೇ ದುರ್ಗದ ಕೋಟೆ ಹತ್ತಲು ಹೋಗಬೇಡಿ, ಸಮತಟ್ಟಾದ ರಸ್ತೆ ಸಾಕು. ನಡಿಗೆಯಿಂದ ಸಕ್ಕರೆಗೆ ಆಗುವ ಉಪಕಾರ ಒಂದೆರಡು ದಿನ ಮಾತ್ರ ಉಳಿಯುತ್ತದೆ. ಆದ್ದರಿಂದ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ.

4. ಪಾದ: ಜಾತ್ರೆಯಲ್ಲಿ ಬಿಸಿಲಿಗೆ ಬರಿಗಾಲಲ್ಲಿ ನಡೆದಿದ್ದರೆ ಅಂದೇ ರಾತ್ರಿ ಪಾದ ನೋಡಿಕೊಳ್ಳಿ. ಸ್ಪರ್ಶ ಕಡಿಮೆಯಾದವರಿಗೆ ಬೊಬ್ಬೆ ಎದ್ದರೂ ನೋವು ಗೊತ್ತಾಗುವುದಿಲ್ಲ.

ಮನೆಯವರಿಗೆ ಒಂದು ಮಾತು

"ಎಷ್ಟು ಹೇಳಿದರೂ ಅಷ್ಟೇ" ಎಂದು ಗದರಿಸಿದರೆ ಹಿರಿಯರು ಮುಚ್ಚಿಟ್ಟು ತಿನ್ನುತ್ತಾರೆ, ಮಾತ್ರೆ ಬಿಟ್ಟದ್ದನ್ನೂ ಹೇಳುವುದಿಲ್ಲ. "ಆಗಿದ್ದು ಆಯ್ತವ್ವ, ಇವತ್ತಿನ ಮಾತ್ರೆ ತಗೋ, ಬಾ ಎರಡು ಸುತ್ತು ನಡೆಯೋಣ" ಎನ್ನಿ. ಅವರಿಗೊಬ್ಬರಿಗೇ ಬೇರೆ ಅಡುಗೆ ಮಾಡುವ ಬದಲು ಮನೆಮಂದಿಯೆಲ್ಲ ಉಪ್ಪು, ಎಣ್ಣೆ, ಸಿಹಿ ಕಡಿಮೆ ಮಾಡಿ. ಊರಿಗೆ ಹೊರಡುವಾಗ ಮಾತ್ರೆ ಡಬ್ಬಿಯನ್ನು ಮೊದಲು ಚೀಲಕ್ಕೆ ಹಾಕಿ.

ತಡಮಾಡಬಾರದ ಲಕ್ಷಣಗಳು

ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ. ಬೆವರು, ನಡುಕ ಬಂದು ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಎಚ್ಚರವಿರುವಾಗ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಪಾದದ ಗಾಯ ಕಪ್ಪಾದರೆ ಅಂದೇ ಆಸ್ಪತ್ರೆಗೆ ಬನ್ನಿ.

ನೆನಪಿಡಿ: ಮುಂದಿನ ತಪಾಸಣೆಗೆ ಬರುವಾಗ ತಪ್ಪಿದ ದಿನಗಳನ್ನೂ ಚೀಟಿಯಲ್ಲಿ ಬರೆದು ತನ್ನಿ. ಮಾತ್ರೆ ಬಿಟ್ಟಿದ್ದು ವೈದ್ಯರಿಗೆ ಗೊತ್ತಾಗದಿದ್ದರೆ, ಸಾಲದೆಂದು ತಿಳಿದು ಮಾತ್ರೆಯ ಪ್ರಮಾಣ ಹೆಚ್ಚಿಸಿಬಿಡಬಹುದು. ಇದ್ದದ್ದನ್ನು ಇದ್ದಂತೆ ಹೇಳಿ.