ರಜೆಯ ಅರುವತ್ತು ದಿನ: ಐದು ಮನೆಯ ಮಕ್ಕಳಿಗೆ ಹಿತ್ತಿಲ ಪಾಠ

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿದರೆ ಶಾಲೆಯ ಗಂಟೆ ಮತ್ತೆ ಕೇಳುವುದು ಜೂನ್ ಆರಂಭಕ್ಕೆ. ನಡುವೆ ಸಿಗುವುದು ಸುಮಾರು ಅರುವತ್ತು ದಿನ. ಹರಿವೆ ಸೊಪ್ಪು ಬಿತ್ತಿದ 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಅಲಸಂಡೆ 45ರಿಂದ 50 ದಿನಗಳಲ್ಲಿ ಮೊದಲ ಕೋಡು ಕೊಡುತ್ತದೆ. ಬೀಜ ಬಿತ್ತುವುದರಿಂದ ಬಟ್ಟಲಿಗೆ ಬಡಿಸುವವರೆಗಿನ ಕೆಲಸವನ್ನು ಮಕ್ಕಳು ತಾವೇ ಮಾಡಿ ಕಲಿಯಲು ರಜೆಯಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ.

ನಮ್ಮ ಕಾಸರಗೋಡು ಸೀಮೆಯಲ್ಲಿ ಕೃಷಿಕರ ಮನೆಗಳಿಗೆ ಕೊರತೆಯಿಲ್ಲ. ಆದರೂ ಅಡಿಕೆ, ತೆಂಗು, ರಬ್ಬರು ಬೆಳೆಯುವ ಎಷ್ಟೋ ಮನೆಗಳಿಗೆ ತರಕಾರಿ ಬರುವುದು ಪೇಟೆಯಿಂದ. ಅದರ ಮೇಲೆ ಏನು ಸಿಂಪಡಿಸಿದ್ದಾರೆಂದು ಕೊಳ್ಳುವವರಿಗೆ ತಿಳಿಯದು. ವಿಷದ ಪಾಠವನ್ನು ನಮಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯಂತಹ ಊರುಗಳಲ್ಲಿ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚಲಾಗುತ್ತಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದಕ್ಕೆ ತಡೆ ಹಾಕಿತು. ಆ ಮನೆಗಳ ನೋವು ಮಾತ್ರ ಇನ್ನೂ ಮುಗಿದಿಲ್ಲ. ಇಂತಹ ಮಣ್ಣಿನ ಮಕ್ಕಳು ತಾವು ತಿನ್ನುವ ಸೊಪ್ಪನ್ನು ತಾವೇ ಬೆಳೆಯಲು ಕಲಿಯುವುದು ಬರೇ ಹೊತ್ತು ಕಳೆಯುವ ಆಟವಲ್ಲ.

ಮಕ್ಕಳ ಮುಯ್ಯಾಳು

ಒಂಟಿ ಮಗುವಿಗೆ ಹಿತ್ತಿಲು ಮೂರು ದಿನದಲ್ಲಿ ಬೇಸರವಾಗುತ್ತದೆ. ಹಿಂದೆ ನೇಜಿ ನೆಡುವಾಗ ಒಂದು ಮನೆಗೆ ಇನ್ನೊಂದು ಮನೆಯವರು ಮುಯ್ಯಾಳಾಗಿ ಹೋಗುತ್ತಿದ್ದರು. ಅದೇ ಕ್ರಮವನ್ನು ಮಕ್ಕಳೂ ಅನುಸರಿಸಲಿ. ಹತ್ತಿರದ ನಾಲ್ಕೈದು ಮನೆಗಳ ಮಕ್ಕಳು, ಯಾವ ಮತದವರಾದರೂ ಸರಿ, ಒಂದು ಗುಂಪಾಗಲಿ. ಇಂದು ಒಂದು ಮನೆಯಲ್ಲಿ ಅಗೆತ, ನಾಳೆ ಇನ್ನೊಂದು ಮನೆಯಲ್ಲಿ. ಗುದ್ದಲಿ ಹುಡುಗರಿಗೆ, ಅಡಿಗೆ ಹುಡುಗಿಯರಿಗೆ ಎಂಬ ಭೇದ ಬೇಡ. ಒಂದು ನೋಟು ಪುಸ್ತಕವಿರಲಿ: ಬಿತ್ತಿದ ದಿನ, ಮೊಳೆತ ದಿನ, ಹಾಕಿದ ನೀರು, ಕೊಯ್ದ ತೂಕ, ಎಲ್ಲವನ್ನೂ ಬರೆದಿಡಲಿ.

ಮೊದಲ ವಾರದ ಕೆಲಸ

ಚೆನ್ನಾಗಿ ಬಿಸಿಲು ಬೀಳುವ ಕಡೆ ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮಡಿ ಸಾಕು. ಬೇಸಿಗೆಯ ಮಡಿ ನೆಲಮಟ್ಟದಿಂದ ನಾಲ್ಕು ಬೆರಳು ತಗ್ಗಿನಲ್ಲಿರಬೇಕು; ಹಾಕಿದ ನೀರು ಅಲ್ಲೇ ಇಂಗುತ್ತದೆ. ನಮ್ಮ ಮುರಕಲ್ಲಿನ ಮಣ್ಣಿಗೆ ಹುಳಿ ಗುಣ ಹೆಚ್ಚು. ಬಚ್ಚಲೊಲೆಯ ಬೂದಿ ಒಂದೆರಡು ಹಿಡಿ, ಒಣಗಿದ ಹಟ್ಟಿಗೊಬ್ಬರ ಎರಡು ಬುಟ್ಟಿ ಬೆರೆಸಿದರೆ ಮಣ್ಣು ಹದವಾಗುತ್ತದೆ.

ಹರಿವೆ ಬೀಜ ಸಾಸಿವೆಗಿಂತಲೂ ಸಣ್ಣದು. ಒಣ ಹೊಯಿಗೆ ಬೆರೆಸಿ ಚೆಲ್ಲಿದರೆ ಒಂದೇ ಕಡೆ ಬೀಳುವುದಿಲ್ಲ. ಇರುವೆಗಳು ಬೀಜ ಹೊತ್ತೊಯ್ಯುತ್ತವೆ. ಮಡಿಯ ಅಂಚಿಗೆ ಸ್ವಲ್ಪ ಅಕ್ಕಿ ತರಿ ಉದುರಿಸಿದರೆ ಅವು ಅದನ್ನೇ ಒಯ್ಯುತ್ತವೆ. ಮಡಿಯ ಬದಿಗಳಲ್ಲಿ ಒಂದೂವರೆ ಅಡಿಗೊಂದು ಗುಳಿ ಮಾಡಿ ಎರಡೆರಡು ಅಲಸಂಡೆ ಬೀಜ ಹಾಕಿ ಬಳ್ಳಿಗೆ ಕೋಲು ಕೊಡಿ. ಅಂಗಡಿಯ ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಸವರಿರುತ್ತದೆ. ಅದನ್ನು ಮಕ್ಕಳ ಕೈಗೆ ಕೊಡಬಾರದು. ಊರಿನ ಬೀಜ ಸಿಗದಿದ್ದರೆ ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ.

ನೀರಿನ ಲೆಕ್ಕ

ಏಪ್ರಿಲ್ ಬಿಸಿಲಿಗೆ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಮೂರು ಚದರ ಮೀಟರಿಗೆ 15 ಲೀಟರ್. ಬಾವಿ, ಸುರಂಗಗಳ ನೀರು ಇಳಿಯುವ ಸಮಯದಲ್ಲಿ ಇದಕ್ಕೆಂದು ಬೇರೆ ನೀರು ಸೇದಬೇಕಾಗಿಲ್ಲ. ಅಕ್ಕಿ, ತರಕಾರಿ ತೊಳೆದ ನೀರನ್ನು ಒಂದು ಬಕೇಟಿನಲ್ಲಿ ಕೂಡಿಡಿ. ಮಡಿಗೆ ಬೇಕಾದ ಹೆಚ್ಚಿನ ಪಾಲು ಅದರಲ್ಲೇ ಸಿಗುತ್ತದೆ. ಸಾಬೂನು ನೀರನ್ನು ಸೊಪ್ಪಿಗೆ ಹಾಕದೆ ಬಾಳೆಯ ಬುಡಕ್ಕೆ ಬಿಡಿ. ತರಗೆಲೆ ಮುಚ್ಚಿಗೆ ಇದ್ದರೆ ನೀರು ಇನ್ನೂ ಉಳಿಯುತ್ತದೆ.

ನೋಡಿ ಕಲಿಯಬೇಕಾದ ಎರಡು ಸಂಗತಿ

ಹಲಸಿನ ಕಾಲ ಇದು. ಸಿಪ್ಪೆ, ಮಯಣದ ಕಸವನ್ನು ತರಗೆಲೆ, ಸೆಗಣಿ ನೀರಿನೊಂದಿಗೆ ಪದರ ಪದರವಾಗಿ ಮೂರಡಿ ಎತ್ತರಕ್ಕೆ ಪೇರಿಸಿ. ನಾಲ್ಕು ದಿನ ಕಳೆದು ಒಂದು ಕೋಲನ್ನು ನಡುವಿಗೆ ಚುಚ್ಚಿ, ಸ್ವಲ್ಪ ಹೊತ್ತಿನ ಬಳಿಕ ತೆಗೆದು ಮುಟ್ಟಿ ನೋಡಿ. ಬಿಸಿ ಇದ್ದರೆ ಕಣ್ಣಿಗೆ ಕಾಣದ ಜೀವಿಗಳು ಒಳಗೆ ದುಡಿಯುತ್ತಿವೆ ಎಂದರ್ಥ. ತಣ್ಣಗಿದ್ದರೆ ರಾಶಿ ಚಿಕ್ಕದಾಗಿರಬಹುದು, ಇಲ್ಲವೇ ಒಣಗಿರಬಹುದು.

ಅಲಸಂಡೆ ಹೂ ಬಿಟ್ಟಾಗ ಒಂದು ಗಿಡವನ್ನು ಬೇರು ಸಮೇತ ಮೆಲ್ಲನೆ ಎಬ್ಬಿಸಿ. ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪಾಗಿದ್ದರೆ, ಅಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿದೆ ಎಂದು ತಿಳಿಯಬೇಕು. ಆದುದರಿಂದ ಬೆಳೆ ಮುಗಿದ ಮೇಲೆ ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ, ಬೇರನ್ನು ಮಣ್ಣಿನಲ್ಲೇ ಬಿಡಿ.

ಬಳ್ಳಿಗೆ ಕಪ್ಪು ಹೇನು ಬಂದರೆ ಒಂದು ಲೀಟರ್ ನೀರಿಗೆ 5 ಗ್ರಾಂ ಸಾಬೂನು, 5 ಮಿಲಿಲೀಟರ್ ಬೇವಿನೆಣ್ಣೆ ಚೆನ್ನಾಗಿ ಕದಡಿ, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ತೋಟಕ್ಕೆ ತಂದ ಕೀಟನಾಶಕದ ಬಾಟಲಿ ಮಕ್ಕಳ ಕೈಗೆ ಎಂದಿಗೂ ಸಿಗದಂತೆ ಬೀಗ ಹಾಕಿಡಿ.

ಆರೋಗ್ಯದ ಎಚ್ಚರ

1. ಬೆಳಿಗ್ಗೆ 9ರ ಒಳಗೆ, ಸಂಜೆ 4ರ ಬಳಿಕ ಮಾತ್ರ ಕೆಲಸ. ತಲೆಗೆ ಮುಟ್ಟಾಳೆಯೋ ಬೈರಾಸೋ ಇರಲಿ.

2. ಕಾಲಿಗೆ ಚಪ್ಪಲಿ ಬೇಕು. 10 ಮತ್ತು 16ನೆಯ ವಯಸ್ಸಿನಲ್ಲಿ ಹಾಕಿಸಬೇಕಾದ ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ನೋಡಿ.

3. ತರಗೆಲೆ, ಕಲ್ಲಿನ ರಾಶಿಗೆ ಕೈಹಾಕುವ ಮೊದಲು ಕೋಲಿನಿಂದ ಕೆದಕಿ. ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಅಂಗ ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

4. ಪ್ರತಿ ವಾರ ಒಂದು ದಿನ ಗುಂಪಿನ ಮಕ್ಕಳು ಐದೂ ಮನೆಗಳ ಸುತ್ತ ತಿರುಗಿ ಗೆರಟೆ, ಅಡಿಕೆ ಹಾಳೆ, ರಬ್ಬರು ಹಾಲಿನ ಚಿಪ್ಪು, ಹಳೆ ಟಯರುಗಳ ನೀರು ಚೆಲ್ಲಲಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಎಂಟು ಹತ್ತು ದಿನ ಸಾಕು. ಅದರ ಮೊಟ್ಟೆ ಒಣ ಪಾತ್ರೆಯ ಗೋಡೆಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯನ್ನು ತಿಕ್ಕಿ ಕವುಚಿಡಬೇಕು.

ಬೆಳೆದ ಹರಿವೆಯನ್ನು ಮಕ್ಕಳೇ ಕೊಯ್ದು ತೂಗಿ ಐದು ಪಾಲು ಮಾಡಲಿ. ಒಗ್ಗರಣೆಗೆ ತೆಂಗಿನೆಣ್ಣೆ ಇದ್ದರೆ ಸೊಪ್ಪಿನ ಎ ಜೀವಸತ್ವ ಮೈಗೆ ಹಿಡಿಯುತ್ತದೆ. ಒಂದು ಹನಿ ಲಿಂಬೆರಸ ಹಿಂಡಿದರೆ ಕಬ್ಬಿಣದ ಅಂಶವೂ ಹೆಚ್ಚು ದಕ್ಕುತ್ತದೆ.

ಮಳೆಗೆ ಮುನ್ನ

ಮೇ ಕೊನೆಯ ವಾರ, ಪತ್ತನಾಜೆಯ ಸುಮಾರಿಗೆ, ಮಡಿಯ ರೂಪ ಬದಲಾಗಬೇಕು. ಮಳೆಗಾಲದಲ್ಲಿ ತಗ್ಗಿನ ಮಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅದೇ ಮಣ್ಣನ್ನು ಒಂದಡಿ ಎತ್ತರಕ್ಕೆ ಏರಿಸಿ ಬೆಂಡೆ, ಹೀರೆ, ಮುಳ್ಳುಸೌತೆ ಬಿತ್ತಿ. ಗೊಬ್ಬರದ ರಾಶಿಗೆ ಮಡಲಿನ ಮಾಡು ಕಟ್ಟಿ. ಮಕ್ಕಳು ಶಾಲೆಗೆ ಹೊರಟ ಮೇಲೂ ಬೆಳಿಗ್ಗೆ ಹತ್ತು ನಿಮಿಷ ಕೊಟ್ಟರೆ ಜುಲೈ ನಡುವಿನಿಂದ ಬೆಂಡೆ ಕೊಯ್ಯಬಹುದು. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ನಮ್ಮ ಮನೆಗಳಲ್ಲಿ ಮೂರೋ ಐದೋ ಏಳೋ ಬಗೆಯ ತರಕಾರಿ ಊಟವಷ್ಟೆ? ಅದರಲ್ಲಿ ಎರಡಾದರೂ ಈ ಮಡಿಯಿಂದಲೇ ಬರಲಿ.

ಹೆತ್ತವರಲ್ಲಿ ಒಂದು ಮಾತು. ಮಕ್ಕಳಿಗೆ ಯಾವುದೋ ಕತ್ತಲ ಮೂಲೆ ತೋರಿಸಬೇಡಿ, ಬಿಸಿಲು ಬೀಳುವ ಒಳ್ಳೆಯ ಜಾಗ ಕೊಡಿ. ಸಾಲು ಸೊಟ್ಟಗಾದರೆ ಗದರಿಸಬೇಡಿ. ಸೊಟ್ಟ ಸಾಲಿನಲ್ಲೂ ಹರಿವೆ ಬೆಳೆಯುತ್ತದೆ. ತೋಟದ ನಿಮ್ಮ ಕೆಲಸವನ್ನು ಅವರ ಮೇಲೆ ಹೊರಿಸಲೂ ಬೇಡಿ. ಈ ಮಡಿ ಅವರದು, ಅದರ ಲೆಕ್ಕವೂ ಅವರದು. ಊಟದ ಹೊತ್ತಿಗೆ ನೋಟು ಪುಸ್ತಕವನ್ನು ಓದಿಸಿ ಕೇಳಿ, ಅಷ್ಟು ಸಾಕು.