ಎದುರೆದುರು ಅಂಗಡಿಗಳು

ನಮ್ಮ ಅಬ್ಬಾರ ಅಂಗಡಿಯ ಎದುರಿಗೆ ಇನ್ನೊಂದು ಅಂಗಡಿ ಬಂದರೆ ಮನೆಯಲ್ಲಿ ವಾರವೆಲ್ಲ ಅದೇ ಮಾತು. ಹೀಗಿರುವಾಗ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ‘ಡಿಸೈನ್ ಡಿಸ್ಟ್ರಿಕ್ಟ್’ ಬಗ್ಗೆ ಓದಿ ನನಗೆ ಆಶ್ಚರ್ಯವಾಯಿತು. ಅಲ್ಲಿ ಪೀಠೋಪಕರಣ, ಬಟ್ಟೆ, ಆಭರಣ ವಿನ್ಯಾಸ ಮಾಡುವವರ ಅಂಗಡಿಗಳೂ ಗ್ಯಾಲರಿಗಳೂ 2005ರಿಂದ ಒಂದೇ ಹೆಸರಿನಡಿ ಸೇರಿಕೊಂಡಿವೆ.

ನಾನು ನಕ್ಷೆಯ ಮೇಲೆ ಬೆರಳಿಟ್ಟು ನಡೆದೆ. ಅನೇಕ ಬೀದಿಗಳ ಹೆಸರುಗಳು ‘ಕಾತು’ ಎಂದು ಮುಗಿಯುತ್ತವೆ. ಕಾತು ಎಂದರೆ ಬೀದಿ. 1873ರಲ್ಲಿ ಆರಂಭವಾದ ಡಿಸೈನ್ ಮ್ಯೂಸಿಯಂ ಇಲ್ಲಿನ ಹಳೆಯ ಶಾಲಾ ಕಟ್ಟಡವೊಂದರಲ್ಲಿದೆ. ಹತ್ತಿರದ ಪುನಾವುವೊರಿ ಬಡಾವಣೆಯಲ್ಲಿ ವಾಹನಗಳ ಕಾಟವಿಲ್ಲದೆ ನಡೆಯುವ ಬೀದಿಯೂ ಇದೆ. ದೀಪ ಕೊಳ್ಳಲು ಬಂದವರು ಪಕ್ಕದ ಅಂಗಡಿಯ ಬಟ್ಟಲನ್ನೂ ನೋಡುತ್ತಾರೆ. ನಾವು ಪಾಠದಲ್ಲಿ ಓದುವ ‘ಸ್ಥಳ’ ಎಂದರೆ ಬರೀ ವಿಳಾಸವಲ್ಲ ಎಂದು ನನಗೆ ಆಗ ತಿಳಿಯಿತು.

ಫಿನ್ನಿಷ್ ವಿನ್ಯಾಸದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಒಂದು ಸ್ಟೂಲ್. 1933ರಲ್ಲಿ ಆಲ್ವಾರ್ ಆಲ್ಟೊ ರೂಪಿಸಿದ್ದು. ಬರ್ಚ್ ಮರದ ಮೂರು ಬಾಗಿದ ಕಾಲು, ಮೇಲೊಂದು ಗುಂಡನೆಯ ಹಲಗೆ, ಅಷ್ಟೇ. ಒಂದರ ಮೇಲೊಂದು ಪೇರಿಸಿಡಬಹುದು, ಅಂದರೆ ಗೋದಾಮಿನಲ್ಲಿ ಜಾಗ ಉಳಿಯಿತು. ಇಂಥವನ್ನು ಮಾರಲೆಂದೇ 1935ರಲ್ಲಿ ಆಲ್ಟೊ, ಪತ್ನಿ ಐನೊ ಮತ್ತು ಇನ್ನಿಬ್ಬರು ಸೇರಿ ಆರ್ಟೆಕ್ ಕಂಪನಿ ಕಟ್ಟಿದರು. ಸ್ಟೂಲ್ ಇಂದಿಗೂ ಮಾರಾಟದಲ್ಲಿದೆ!

ಇದನ್ನೆಲ್ಲ ಅಬ್ಬಾರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: “ಅಲ್ಲಿ ಎಲ್ಲರೂ ಒಂದೇ ಮಾಲು ಮಾರ್ತಾರಾ?”

“ಇಲ್ಲ ಅಬ್ಬಾ, ಒಬ್ಬೊಬ್ಬರದು ಒಂದೊಂದು.”

“ಎದುರಿನವನು ನನ್ನ ಮಾಲೇ ಇಟ್ಟಿದ್ದಾನಲ್ಲ” ಎಂದರು.